ಗಾಂಜಾ ಸೇದಿದವನಿಗೆ ಜೈಲೂ ಬೇಡ, ಅದನ್ನು ಮಾರೋಕೆ ಕಂಪನಿಯೂ ಬೇಡ

ಗಾಂಜಾವನ್ನು ಕಾನೂನುಬದ್ಧ ಮಾಡಬೇಕಾ ಬೇಡವಾ ಅನ್ನೋ ಮಾತು ಬಂದಾಗಲೆಲ್ಲ ನನ್ನ ಕಣ್ಣ ಮುಂದೆ ಇಬ್ಬರು ಬಂದು ನಿಲ್ಲುತ್ತಾರೆ. ಇಬ್ಬರೂ ನನ್ನ ಗೆಳೆಯರೇ. ಒಬ್ಬನಿಗೆ ಆಗಿದ್ದನ್ನು ನೆನೆದರೆ ಈ ಕಾನೂನು ನಾಳೆಯೇ ತೊಲಗಲಿ ಅನಿಸುತ್ತದೆ. ಇನ್ನೊಬ್ಬನಿಗೆ ಆಗಿದ್ದನ್ನು ನೆನೆದರೆ ಈ ಸೊಪ್ಪಿನ ಸಹವಾಸವೇ ಯಾರಿಗೂ ಬೇಡ ಅನಿಸುತ್ತದೆ. ತುಂಬಾ ವರ್ಷ ಇವೆರಡರ ನಡುವೆ ಒದ್ದಾಡಿದ್ದೇನೆ. ಬರಹ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಮೊದಲನೆಯವನು ಒಂದು ರಾತ್ರಿ ಗೆಳೆಯರ ಜೊತೆ ಇದ್ದು ಮನೆಗೆ ವಾಪಸ್ ಬರುವಾಗ ಸಿಕ್ಕಿಬಿದ್ದ. ಜೇಬಿನಲ್ಲಿ ಇದ್ದದ್ದು ಒಂದು ಬೆಂಕಿಪೊಟ್ಟಣದಲ್ಲಿ ಹಿಡಿಸುವಷ್ಟು ಮಾಲು. ಅವನು ಯಾರಿಗೂ ಮಾರಿರಲಿಲ್ಲ, ಯಾರ ತಂಟೆಗೂ ಹೋಗಿರಲಿಲ್ಲ. ಕೇಸು ಮೂರು ವರ್ಷ ನಡೆಯಿತು. ಪ್ರತಿ ತಾರೀಖಿಗೂ ಅವನ ಅಮ್ಮ ಬರುತ್ತಿದ್ದರು. ಕೋರ್ಟಿನ ಹೊರಗೆ ಗೋಡೆಗೆ ಒರಗಿ ಕೂರುತ್ತಿದ್ದರು. ಮಡಿಲಲ್ಲಿ ಒಂದು ಫೈಲು. ಅದರೊಳಗೆ ಮಗನ ಮಾರ್ಕ್ಸ್ ಕಾರ್ಡು, ಓಟದಲ್ಲಿ ಗೆದ್ದ ಸರ್ಟಿಫಿಕೇಟು ಎಲ್ಲ. ಜಡ್ಜ್ ಕೇಳಿದರೆ ತೋರಿಸೋಣ, ನನ್ನ ಮಗ ಅಂಥವನಲ್ಲ ಅಂತ ಗೊತ್ತಾಗಲಿ ಅಂತ. ಮೂರು ವರ್ಷದಲ್ಲಿ ಯಾರೂ ಆ ಫೈಲು ಕೇಳಲಿಲ್ಲ. ಕೊನೆಗೆ ದಂಡ ಹಾಕಿ ಬಿಟ್ಟರು. ಆದರೆ ಅಷ್ಟರಲ್ಲಿ ಕೈಗೆ ಬಂದಿದ್ದ ಕೆಲಸ ಹೋಗಿತ್ತು, ಆಮೇಲೆ ಬಂದ ಎರಡು ಕೆಲಸಗಳೂ ಪೊಲೀಸ್ ವೆರಿಫಿಕೇಶನ್‌ನಲ್ಲಿ ತಪ್ಪಿಹೋದವು.

ಎರಡನೆಯವನು ಹದಿನೇಳನೇ ವಯಸ್ಸಿಗೆ ಸೇದೋಕೆ ಶುರು ಮಾಡಿದ. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಾ ಸಂಜೆ, ಆಮೇಲೆ ಬೆಳಿಗ್ಗೆ ಎದ್ದ ಕೂಡಲೇ. ಗಿಡ ತಾನೇ, ಏನಾಗುತ್ತೆ ಅಂತ ನಾವೆಲ್ಲ ಸುಮ್ನೆ ಇದ್ದೆವು. ಇಪ್ಪತ್ತೊಂದರಲ್ಲಿ ಒಂದು ರಾತ್ರಿ ಫೋನ್ ಮಾಡಿ, ಸ್ವಿಚ್ ಬೋರ್ಡಿನ ಒಳಗೆ ಯಾರೋ ಮಾತಾಡುತ್ತಿದ್ದಾರೆ ಅಂದ. ಹೋಗಿ ನೋಡಿದರೆ ಮನೆಯ ಸ್ವಿಚ್ ಬೋರ್ಡುಗಳನ್ನೆಲ್ಲ ಬಿಚ್ಚಿ ಹಾಕಿದ್ದ. ಬಿಚ್ಚಿದ ಸ್ಕ್ರೂಗಳನ್ನು ಒಂದು ಸ್ಟೀಲ್ ತಟ್ಟೆಯಲ್ಲಿ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಜೋಡಿಸಿದ್ದ. ಎಷ್ಟು ಅಚ್ಚುಕಟ್ಟಾಗಿ ಅಂದರೆ, ಅದನ್ನು ನೋಡಿಯೇ ನನಗೆ ಕೈಕಾಲು ತಣ್ಣಗಾಯಿತು. ಅವನಲ್ಲಿ ಮೊದಲೇ ಇದ್ದದ್ದನ್ನು ಗಾಂಜಾ ಎಬ್ಬಿಸಿತೋ ಅಥವಾ ಗಾಂಜಾದಿಂದಲೇ ಬಂತೋ, ಒಬ್ಬ ರೋಗಿಯನ್ನು ನೋಡಿ ಖಡಾಖಂಡಿತವಾಗಿ ಹೇಳೋಕೆ ಆಗಲ್ಲ ಅಂದರು ಡಾಕ್ಟರು. ಆದರೆ ಇನ್ನು ಮೇಲೆ ಮುಟ್ಟಲೇಬಾರದು ಅನ್ನೋದನ್ನು ಮಾತ್ರ ಮೂರು ಸಲ ಹೇಳಿದರು.

ನಿಮಗೆ ಗೊತ್ತಿರಲಿ, ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ನಾವು ಎರಡು ದಿನ ತಡ ಮಾಡಿದ್ದೆವು. ಮೊದಲನೆಯವನ ಕೇಸು ನಮ್ಮೆಲ್ಲರ ತಲೆಯಲ್ಲಿತ್ತು. ಗಾಂಜಾ ಅಂತ ಬಾಯಿ ಬಿಟ್ಟರೆ ಪೊಲೀಸರು ಬರುತ್ತಾರೆ ಅನ್ನೋ ಭಯ. ಆ ಎರಡು ದಿನ ಅವನು ನಿದ್ದೆ ಮಾಡದೆ ಗೋಡೆಗೆ ಕಿವಿ ಇಟ್ಟುಕೊಂಡು ನಿಂತಿದ್ದ. ಶಿಕ್ಷೆಯ ಭಯದಿಂದ ಅವನು ಒಂದು ದಿನವೂ ಗಾಂಜಾ ಬಿಟ್ಟವನಲ್ಲ. ಆ ಭಯ ತಡೆದಿದ್ದು ಅವನು ಡಾಕ್ಟರ ಹತ್ತಿರ ಹೋಗೋದನ್ನು ಮಾತ್ರ.

ಹಾಗಾಗಿ ಮೊದಲು ಶಿಕ್ಷೆಯ ವಿಷಯ. ಸೇದೋ ಜನರನ್ನು ಹಿಡಿದು ಒಳಗೆ ಹಾಕಿದರೆ ಸೇದೋದು ನಿಲ್ಲುತ್ತದೆ ಅನ್ನೋದನ್ನು ಜಗತ್ತು ಒಂದು ತಲೆಮಾರಿಗಿಂತ ಜಾಸ್ತಿ ಕಾಲ ಪ್ರಯೋಗ ಮಾಡಿ ನೋಡಿದೆ. 1961ರ ವಿಶ್ವಸಂಸ್ಥೆ ಒಪ್ಪಂದ ಗಾಂಜಾವನ್ನು ಹೆರಾಯಿನ್ ಜೊತೆ ಒಂದೇ ಪಟ್ಟಿಯಲ್ಲಿ ಇಟ್ಟಿತು. ಆ ಅತಿ ಕಠಿಣ ಪಟ್ಟಿಯಿಂದ ಅದನ್ನು ತೆಗೆಯೋಕೆ 2020ರ ಡಿಸೆಂಬರ್ ತನಕ ಬೇಕಾಯಿತು, ಅದೂ 27ಕ್ಕೆ 25 ಮತ ಬಿದ್ದು, ಕೂದಲೆಳೆ ಅಂತರದಲ್ಲಿ. ಈ ನಡುವೆ ಸೇದೋರು ಕಡಿಮೆ ಆಗಲಿಲ್ಲ. ಇನ್ನು ಹಿಡಿಯೋದರಲ್ಲಾದರೂ ನ್ಯಾಯ ಇತ್ತಾ ಅಂದರೆ ಅದೂ ಇಲ್ಲ. ಅಮೆರಿಕದಲ್ಲಿ ಕಪ್ಪು ಜನ, ಬಿಳಿ ಜನ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಸೇದುತ್ತಾರೆ. ಆದರೆ 2010ರ ಅಂಕಿಅಂಶದಲ್ಲಿ ಗಾಂಜಾ ಇಟ್ಟುಕೊಂಡಿದ್ದಕ್ಕೆ ಬಂಧನ ಆಗೋ ಸಾಧ್ಯತೆ ಕಪ್ಪು ಜನಕ್ಕೆ 3.7 ಪಟ್ಟು ಜಾಸ್ತಿ ಇತ್ತು. ದುಡ್ಡಿದ್ದವರ ಬಂಗಲೆಯೊಳಗೆ ಯಾರೂ ಜೇಬು ತಡಕೋದಿಲ್ಲ, ಅಲ್ವಾ? ರಸ್ತೆಯಲ್ಲಿ ನಡೆದು ಹೋಗೋ ಹುಡುಗನ ಜೇಬನ್ನೇ ತಡಕೋದು.

ಪೋರ್ಚುಗಲ್ 2001ರಲ್ಲಿ ಬೇರೆ ದಾರಿ ಹಿಡಿಯಿತು. ಬರೀ ಗಾಂಜಾ ಅಲ್ಲ, ಎಲ್ಲ ಡ್ರಗ್ಸ್‌ಗೂ ಅನ್ವಯ ಆಗೋ ಹಾಗೆ. ಹತ್ತು ದಿನದ ಬಳಕೆಗೆ ಆಗುವಷ್ಟು ಮಾಲು ಸಿಕ್ಕರೆ ಅದು ಅಪರಾಧ ಅಲ್ಲ, ಕ್ರಿಮಿನಲ್ ಕೋರ್ಟಿಗೆ ಹೋಗೋದಿಲ್ಲ. ವೈದ್ಯಕೀಯ, ಸಮಾಜ ಸೇವೆ, ಕಾನೂನು ಗೊತ್ತಿರುವವರ ಒಂದು ಸಣ್ಣ ಸಮಿತಿಯ ಮುಂದೆ ಹೋಗುತ್ತದೆ. ಅವರು ಮಾತಾಡಿಸುತ್ತಾರೆ, ಚಟ ಹತ್ತಿದೆ ಅನಿಸಿದರೆ ಚಿಕಿತ್ಸೆಗೆ ಕಳಿಸುತ್ತಾರೆ. ಮಾರೋದು ಮಾತ್ರ ಇಂದಿಗೂ ಅಪರಾಧವೇ. ದೇಶವೇ ನಶೆಯಲ್ಲಿ ಮುಳುಗಿಹೋಗುತ್ತದೆ ಅಂತ ಆಗ ಹೆದರಿಸಿದ್ದರು. ಹಾಗೇನೂ ಆಗಲಿಲ್ಲ.

ಇಲ್ಲಿಯವರೆಗೆ ಓದಿ ನಾನು ಗಾಂಜಾ ಪರ ಅಂದುಕೊಂಡಿದ್ದರೆ ಸ್ವಲ್ಪ ತಡೆಯಿರಿ. ಶಿಕ್ಷೆ ತೆಗೆಯೋದು ಒಂದು ಪ್ರಶ್ನೆ. ಅಂಗಡಿ ತೆರೆಯೋದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿ "ಲೀಗಲ್ ಮಾಡಿ" ಅನ್ನುತ್ತಾರಲ್ಲ, ನನ್ನ ತಕರಾರು ಅಲ್ಲಿ.

ಅದಕ್ಕೆ ಈ ಗಿಡ ತಲೆಯೊಳಗೆ ಏನು ಮಾಡುತ್ತದೆ ಅಂತ ಸ್ವಲ್ಪ ನೋಡಬೇಕು. ನಶೆ ಏರಿಸೋ ಅಂಶದ ಹೆಸರು ಟಿಎಚ್‌ಸಿ. ಇಸ್ರೇಲಿನ ರಾಫೆಲ್ ಮೆಕೊಲಮ್ ಮತ್ತು ಅವರ ತಂಡ 1964ರಲ್ಲಿ ಅದನ್ನು ಬೇರ್ಪಡಿಸಿ ತೋರಿಸಿದರು. 1992ರಲ್ಲಿ ಅವರದೇ ಪ್ರಯೋಗಾಲಯದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಟಿಎಚ್‌ಸಿ ಹೋಗಿ ಕೂರುವ ಜಾಗದಲ್ಲೇ ಕೂರುವಂಥ ಒಂದು ವಸ್ತುವನ್ನು ನಮ್ಮ ಮೆದುಳೇ ತಯಾರಿಸುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಆನಂದಮೈಡ್, ನಮ್ಮ "ಆನಂದ"ದಿಂದಲೇ ತೆಗೆದುಕೊಂಡ ಹೆಸರು. ಹಸಿವು, ನೋವು, ನೆನಪು, ಭಯ ಎಲ್ಲದರ ಹದ ಕಾಯೋ ವ್ಯವಸ್ಥೆಯ ಒಂದು ಭಾಗ ಅದು. ಮೆದುಳು ಪೂರ್ತಿ ಬಲಿಯೋಕೆ ಇಪ್ಪತ್ತೈದರ ಹತ್ತಿರ ಬರಬೇಕು. ಹದಿನಾರು ಹದಿನೇಳರಲ್ಲಿ, ಇನ್ನೂ ಕಟ್ಟಡ ಏಳುತ್ತಿರುವಾಗಲೇ, ದಿನಾ ಹೊರಗಿನಿಂದ ತಂದು ಸುರಿದರೆ ಆ ಹದ ಕೆಡುತ್ತದೆ. ಸೇದೋ ಹತ್ತರಲ್ಲಿ ಒಬ್ಬರಿಗೆ ಚಟ ಹತ್ತುತ್ತದೆ ಅನ್ನೋದು ಹಳೆಯ ಲೆಕ್ಕ. ಹದಿಹರೆಯದಲ್ಲಿ ಶುರು ಮಾಡಿದರೆ ಅದು ಆರರಲ್ಲಿ ಒಬ್ಬರು.

"ಹಿಂದಿನವರೂ ಸೇದುತ್ತಿದ್ದರು, ಏನಾಯಿತು?" ಅನ್ನೋರಿಗೆ ಒಂದು ಮಾತು. ಹಿಂದಿನವರು ಸೇದಿದ್ದು ಈಗಿನ ಮಾಲು ಅಲ್ಲ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ 1995ರಲ್ಲಿ ಟಿಎಚ್‌ಸಿ ಸರಾಸರಿ ಶೇ. 4ರಷ್ಟಿತ್ತು, 2014ರ ಹೊತ್ತಿಗೆ ಶೇ. 12 ಆಯಿತು. ಅದರಿಂದ ಭಟ್ಟಿ ಇಳಿಸಿದಂತೆ ತೆಗೆದ ಎಣ್ಣೆ, ಮೇಣದಂಥ ಸರಕು ಶೇ. 60 ದಾಟುತ್ತದೆ. 2019ರಲ್ಲಿ ಯುರೋಪಿನ ಹಲವು ನಗರಗಳು ಮತ್ತು ಬ್ರೆಜಿಲ್‌ನಿಂದ ಮಾಹಿತಿ ಕಲೆಹಾಕಿದ ಒಂದು ದೊಡ್ಡ ಅಧ್ಯಯನ ಬಂತು. ದಿನಾ ಸೇದೋರಿಗೆ ಸೈಕೋಸಿಸ್ (ಇಲ್ಲದ ದನಿ ಕೇಳಿಸುವಂಥ ಮನೋವಿಕಾರ) ಬರುವ ಸಾಧ್ಯತೆ ಸೇದದವರಿಗಿಂತ ಸುಮಾರು ಮೂರು ಪಟ್ಟು, ಟಿಎಚ್‌ಸಿ ಶೇ. 10 ದಾಟಿದ ಸ್ಟ್ರಾಂಗ್ ಮಾಲನ್ನು ದಿನಾ ಸೇದಿದರೆ ಹತ್ತಿರ ಹತ್ತಿರ ಐದು ಪಟ್ಟು ಅಂತ ಅದರಲ್ಲಿ ಕಂಡುಬಂತು. ಸೇದೋರೆಲ್ಲರಿಗೂ ಹುಚ್ಚು ಹಿಡಿಯುತ್ತದೆ ಅಂತ ಅಲ್ಲ, ಬಹುಪಾಲು ಜನಕ್ಕೆ ಏನೂ ಆಗೋದಿಲ್ಲ. ಆದರೆ ಆಗೋರು ಯಾರು ಅಂತ ಮೊದಲೇ ಗೊತ್ತಾಗೋ ದಾರಿ ಇಲ್ಲ. ನನ್ನ ಗೆಳೆಯನ ಹಣೆ ಮೇಲೆ ಬರೆದಿರಲಿಲ್ಲ.

ಈಗ ದುಡ್ಡಿನ ಮಾತು. ಕಾನೂನುಬದ್ಧ ಮಾಡಿ ಅನ್ನೋರ ದೊಡ್ಡ ಅಸ್ತ್ರವೇ ಇದು. ತೆರಿಗೆ ಬರುತ್ತೆ, ಶಾಲೆ ಕಟ್ಟಬಹುದು, ಕೆಲಸ ಹುಟ್ಟುತ್ತೆ. ಅಮೆರಿಕದ ಕೊಲರಾಡೋದಲ್ಲಿ ಜನ 2012ರಲ್ಲಿ ಮತ ಹಾಕಿ ಒಪ್ಪಿದರು, 2014ರ ಜನವರಿ 1ರಂದು ಅಂಗಡಿ ತೆರೆಯಿತು. ತೆರಿಗೆ ಬಂತು, ಸುಳ್ಳಲ್ಲ. ಶಾಲೆಗಳಿಗೂ ಹೋಯಿತು. 2021ರಲ್ಲಿ 42 ಕೋಟಿ ಡಾಲರ್ ದಾಟಿತು, ಅದಾದ ಮೇಲೆ ಇಳಿಯುತ್ತಾ ಬಂತು. ಆದರೆ ಅಷ್ಟು ಜಾಸ್ತಿ ಬಂದ ವರ್ಷದಲ್ಲೂ ಅದು ರಾಜ್ಯದ ಒಟ್ಟು ಬಜೆಟ್‌ನ ಶೇ. 1ರ ಆಸುಪಾಸು ಅಷ್ಟೇ. ಖಜಾನೆ ತುಂಬಿ ತುಳುಕುತ್ತದೆ ಅನ್ನೋದು ಅಲ್ಲಿಗೆ ಮುಗಿಯಿತು.

ಅದಕ್ಕಿಂತ ನನ್ನನ್ನು ಕಾಡೋದು, ಆ ದುಡ್ಡು ಯಾರ ಜೇಬಿನಿಂದ ಬರುತ್ತದೆ ಅನ್ನೋದು. ಕೊಲರಾಡೋದಲ್ಲೇ ಮೊದಲ ವರ್ಷ ಮಾರುಕಟ್ಟೆ ಅಂದಾಜು ಮಾಡಿದಾಗ, ಹೆಚ್ಚು ಕಡಿಮೆ ದಿನಾ ಸೇದೋರು ಬಳಕೆದಾರರಲ್ಲಿ ಕಾಲು ಭಾಗಕ್ಕಿಂತ ಕಡಿಮೆ ಇದ್ದರು. ಆದರೆ ಒಟ್ಟು ಬೇಡಿಕೆಯ ಮೂರನೇ ಎರಡು ಭಾಗ ಅವರದೇ. ಇದನ್ನು ಇನ್ನೊಂದು ಸಲ ಓದಿ. ತಿಂಗಳಿಗೊಮ್ಮೆ ಮೋಜಿಗೆ ಸೇದೋ ಮನುಷ್ಯನಿಂದ ಕಂಪನಿ ಬದುಕೋದಿಲ್ಲ. ಅದು ಬದುಕೋದು ಎದ್ದ ಕೂಡಲೇ ಸೇದುವವನಿಂದ, ನನ್ನ ಗೆಳೆಯನಂಥವನಿಂದ. ಅವನೇ ಅವರ ಒಳ್ಳೆಯ ಗಿರಾಕಿ. ಅವನು ಹುಷಾರಾಗಿ ಬಿಟ್ಟುಬಿಟ್ಟರೆ ಕಂಪನಿಗೆ ನಷ್ಟ, ತೆರಿಗೆ ನಂಬಿಕೊಂಡ ಸರ್ಕಾರಕ್ಕೂ ನಷ್ಟ. ಇಂಥ ಲೆಕ್ಕದ ಮೇಲೆ ಶಾಲೆ ಕಟ್ಟೋದು ನನಗೆ ಸರಿ ಕಾಣೋದಿಲ್ಲ.

ಅಮೆರಿಕದಲ್ಲಿ 1992ರಲ್ಲಿ ದಿನಾ ಅಥವಾ ಹತ್ತಿರ ಹತ್ತಿರ ದಿನಾ ಗಾಂಜಾ ಬಳಸೋರು ಹತ್ತು ಲಕ್ಷಕ್ಕೂ ಕಡಿಮೆ ಇದ್ದರು. 2022ರಲ್ಲಿ ಅವರ ಸಂಖ್ಯೆ ಸುಮಾರು 1.77 ಕೋಟಿ. ಅದೇ ವರ್ಷ ದಿನಾ ಅಥವಾ ಹತ್ತಿರ ಹತ್ತಿರ ದಿನಾ ಮದ್ಯ ಕುಡಿಯೋರು 1.47 ಕೋಟಿ. ಕಾನೂನು ಸಡಿಲ ಆಗಿದ್ದೇ ಇದಕ್ಕೆಲ್ಲ ಕಾರಣ ಅನ್ನೋದಿಲ್ಲ, ಈಗ ಜನ ಮುಚ್ಚಿಡದೆ ಹೇಳುತ್ತಾರೆ ಅನ್ನೋದೂ ಇದೆ. ಆದರೂ ದೊಡ್ಡ ವ್ಯಾಪಾರ ನಿಂತ ಮೇಲೆ ಜಾಹೀರಾತು ಬರುತ್ತದೆ, ಹೊಸ ರುಚಿ ಬರುತ್ತದೆ, ಇನ್ನೂ ಸ್ಟ್ರಾಂಗ್ ಸರಕು ಬರುತ್ತದೆ. ಚಾಕೊಲೇಟ್ ಬರುತ್ತದೆ, ಬಣ್ಣಬಣ್ಣದ ಜೆಲ್ಲಿ ಮಿಠಾಯಿ ಬರುತ್ತದೆ. ಅಂಥದ್ದನ್ನು ಆರು ವರ್ಷದೊಳಗಿನ ಮಕ್ಕಳು ಗೊತ್ತಿಲ್ಲದೆ ಬಾಯಿಗೆ ಹಾಕಿಕೊಂಡ ಪ್ರಕರಣಗಳು ಅಮೆರಿಕದ ವಿಷ ಮಾಹಿತಿ ಕೇಂದ್ರಗಳಲ್ಲಿ 2017ರಲ್ಲಿ 207 ದಾಖಲಾಗಿದ್ದವು. 2021ರಲ್ಲಿ 3,054. ಮಿಠಾಯಿ ಕಂಡರೆ ಮಗು ಬಿಡುತ್ತದಾ ಹೇಳಿ.

ಕಳ್ಳಸಂತೆ ಮುಚ್ಚುತ್ತದೆ ಅನ್ನೋ ವಾದಕ್ಕೆ ಜಾಸ್ತಿ ಹೊತ್ತು ಬೇಡ. ಕ್ಯಾಲಿಫೋರ್ನಿಯಾದಲ್ಲಿ 2018ರಿಂದ ಅಂಗಡಿಗಳಿವೆ. ತೆರಿಗೆ ಜಾಸ್ತಿ, ಅರ್ಧಕ್ಕಿಂತ ಹೆಚ್ಚು ಊರುಗಳು ಅಂಗಡಿಗೆ ಅನುಮತಿಯನ್ನೇ ಕೊಡಲಿಲ್ಲ, ಹಾಗಾಗಿ ಕಳ್ಳಮಾಲು ಜೋರಾಗಿಯೇ ನಡೆಯಿತು. 2018ರ ಅಕ್ಟೋಬರ್‌ನಲ್ಲಿ ಬಾಗಿಲು ತೆರೆದ ಕೆನಡಾದಲ್ಲಿ ಬಹುಪಾಲು ಜನ ನಿಧಾನಕ್ಕೆ ಕಾನೂನಿನ ಅಂಗಡಿಗೆ ಬಂದರು. ಅಂದರೆ ಹೇಗೆ ಮಾಡುತ್ತೀರಿ ಅನ್ನೋದರ ಮೇಲಿದೆ. ಏನೂ ತಯಾರಿ ಇಲ್ಲದೆ ಮಾಡಿದರೆ ಥಾಯ್ಲೆಂಡ್ ಹಾಗೆ ಆಗುತ್ತದೆ. 2022ರ ಜೂನ್‌ನಲ್ಲಿ ಗಾಂಜಾವನ್ನು ಡ್ರಗ್ಸ್ ಪಟ್ಟಿಯಿಂದ ತೆಗೆದರು, ಸರಿಯಾದ ನಿಯಮ ಬರೆಯೋ ಮೊದಲೇ ಸಾವಿರಾರು ಅಂಗಡಿ ಎದ್ದವು. 2025ರಲ್ಲಿ ವೈದ್ಯರ ಚೀಟಿ ಇದ್ದರೆ ಮಾತ್ರ ಅಂತ ವಾಪಸ್ ಬಂದರು. ನಡುವೆ ಸಾಲ ಮಾಡಿ ಅಂಗಡಿ ಹಾಕಿದವರ ಗತಿ?

ಔಷಧಿಯ ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಗಿಡದ ಇನ್ನೊಂದು ಅಂಶ ಸಿಬಿಡಿ, ಅದರಲ್ಲಿ ನಶೆ ಇಲ್ಲ. ಅದರಿಂದ ಮಾಡಿದ ಔಷಧಿಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು, ಮಕ್ಕಳಿಗೆ ಬರುವ ಎರಡು ಬಗೆಯ ಭಯಂಕರ ಫಿಟ್ಸ್‌ಗೆ. ಟಿಎಚ್‌ಸಿ ಬಗೆಯ ಔಷಧಿಗಳಿಂದ ಕೀಮೋ ಆದವರ ವಾಂತಿಗೆ, ಕೆಲವರ ಹಳೆಯ ನೋವಿಗೆ ಉಪಯೋಗ ಇದೆ. ದಿನಕ್ಕೆ ಹತ್ತಾರು ಸಲ ಫಿಟ್ಸ್ ಬರೋ ಮಗುವನ್ನು ಎತ್ತಿಕೊಂಡ ತಾಯಿಗೆ ಕಾನೂನಿನ ನೆಪ ಹೇಳೋದು ಕ್ರೌರ್ಯ. ಅದನ್ನು ಯಾವುದೇ ದೇಶ ತಡ ಮಾಡದೆ ಬಿಟ್ಟುಕೊಡಬೇಕು.

"ಹೆಂಡಕ್ಕಿಂತ ಗಾಂಜಾ ವಾಸಿ" ಅನ್ನೋ ಮಾತೂ ಬರುತ್ತದೆ. ಸಾವಿನ ಲೆಕ್ಕದಲ್ಲಿ ನಿಜ. 2019ರಲ್ಲಿ ಮದ್ಯದಿಂದ ಸತ್ತವರು ಜಗತ್ತಿನಲ್ಲಿ 26 ಲಕ್ಷ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಮದ್ಯ, ಸಿಗರೇಟು ಈ ಮಟ್ಟಕ್ಕೆ ಬೆಳೆದಿದ್ದು ಬರೀ ಕಾನೂನು ಬಿಟ್ಟಿದ್ದರಿಂದಲ್ಲ. ದೊಡ್ಡ ಬಂಡವಾಳ, ಜಾಹೀರಾತು, ಸರ್ಕಾರಗಳ ಮೇಲಿನ ಹಿಡಿತ, ಎಲ್ಲ ಸೇರಿ ಬೆಳೆಸಿದವು. ಆ ತಪ್ಪನ್ನು ಮೂರನೇ ಸಲ ಮಾಡೋಕೆ ಮೊದಲೆರಡು ಸಲ ಮಾಡಿದ್ದೇ ಕಾರಣ ಆಗಬೇಕಾ?

ಕಂಪನಿ ಬೇಡ ಅಂದರೆ ಬೇಕಾದವರು ಎಲ್ಲಿಂದ ತರಬೇಕು ಅಂತ ಕೇಳುತ್ತೀರಿ. ದಾರಿಗಳಿವೆ. ಉರುಗ್ವೆ 2013ರಲ್ಲೇ ಕಾನೂನು ಮಾಡಿ, ಹೆಸರು ನೋಂದಾಯಿಸಿದ ವಯಸ್ಕರಿಗೆ ತಿಂಗಳಿಗೆ 40 ಗ್ರಾಂ ಮಿತಿ ಹಾಕಿ, ಔಷಧಿ ಅಂಗಡಿಯಲ್ಲಿ ಕೊಡುತ್ತದೆ. ಜಾಹೀರಾತು ಇಲ್ಲ. ಜರ್ಮನಿ 2024ರಲ್ಲಿ ಅಂಗಡಿ ತೆರೆಯಲಿಲ್ಲ. ಮನೆಯಲ್ಲಿ ಮೂರು ಗಿಡ ಬೆಳೆಸಬಹುದು, ಇಲ್ಲಾ ಲಾಭ ಮಾಡದ ಕ್ಲಬ್ಬಿಗೆ ಸೇರಬಹುದು. ಕೆನಡಾದ ಕ್ವಿಬೆಕ್‌ನಲ್ಲಿ ಸರ್ಕಾರಿ ಅಂಗಡಿ ಮಾತ್ರ, 21 ತುಂಬಿರಬೇಕು, ಟಿಎಚ್‌ಸಿಗೆ ಮೇಲ್ಮಿತಿ ಇದೆ, ಮಕ್ಕಳನ್ನು ಸೆಳೆಯೋ ಮಿಠಾಯಿ ಇಲ್ಲ. ಇವು ಯಾವುವೂ ಪರಿಪೂರ್ಣ ಅಲ್ಲ. ಉರುಗ್ವೆಯಲ್ಲಿ ಎಷ್ಟೋ ಜನ ಸರ್ಕಾರದ ಪಟ್ಟಿಯಲ್ಲಿ ಹೆಸರು ಬರೆಸೋಕೆ ಹಿಂಜರಿದು ಹೊರಗಡೆಯೇ ಕೊಳ್ಳುತ್ತಾರೆ. ಆದರೂ ಅಲ್ಲಿ ಯಾರ ಸಂಬಳವೂ ನನ್ನ ಗೆಳೆಯ ಇನ್ನೊಂದು ಜಾಯಿಂಟ್ ಜಾಸ್ತಿ ಸೇದೋದರ ಮೇಲೆ ನಿಂತಿಲ್ಲ.

ಇದೆಲ್ಲ ತೀರ್ಮಾನ ಆಗೋಕೆ ವರ್ಷಗಳೇ ಬೇಕು, ಒಪ್ಪುತ್ತೇನೆ. ಆದರೆ ಸಣ್ಣ ಪೊಟ್ಟಣದ ಹಳೆಯ ಕೇಸುಗಳನ್ನು ಅಳಿಸೋಕೆ ಅಷ್ಟು ಕಾಯಬೇಕಿಲ್ಲ. ಕೆನಡಾ 2019ರಲ್ಲಿ ಅಂಥವರಿಗೆ ಶುಲ್ಕ ಇಲ್ಲದೆ ಕ್ಷಮಾದಾನ ಪಡೆಯೋ ದಾರಿ ಮಾಡಿಕೊಟ್ಟಿತು. 2022ರಲ್ಲಿ ಬೈಡನ್ ಕೂಡ ಅಮೆರಿಕದ ಕೇಂದ್ರ ಕಾನೂನಿನಡಿ ಬರೀ ಇಟ್ಟುಕೊಂಡಿದ್ದಕ್ಕೆ ಶಿಕ್ಷೆ ಆದವರನ್ನು ಕ್ಷಮಿಸಿದರು. ಎರಡನೆಯ ಗೆಳೆಯ ಈಗ ಮಾತ್ರೆ ತೆಗೆದುಕೊಂಡು ಕೆಲಸಕ್ಕೆ ಹೋಗುತ್ತಿದ್ದಾನೆ, ಐದು ವರ್ಷದಿಂದ ಮುಟ್ಟಿಲ್ಲ. ಮೊದಲನೆಯವನು ಕಳೆದ ತಿಂಗಳು ಮತ್ತೊಂದು ಕೆಲಸಕ್ಕೆ ಅರ್ಜಿ ತುಂಬುತ್ತಿದ್ದ, ನಾನು ಪಕ್ಕದಲ್ಲೇ ಇದ್ದೆ. "ನಿಮ್ಮ ಮೇಲೆ ಯಾವುದಾದರೂ ಕ್ರಿಮಿನಲ್ ಕೇಸು ಇತ್ತೇ?" ಅನ್ನೋ ಸಾಲಿಗೆ ಬಂದಾಗ ಪೆನ್ನು ಕೆಳಗಿಟ್ಟು ಎದ್ದು ನೀರು ಕುಡಿಯೋಕೆ ಹೋದ.