ಬಾಸ್ ಬರುವ ತಾರೀಕು ಗೊತ್ತುಂಟು ಮಾರಾಯ್ರೆ

ಮೇ ತಿಂಗಳ ಕೊನೇ ಶನಿವಾರ ನಮ್ಮ ಮಂಗಳೂರಿನ ಕೊಟ್ಟಾರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದ. "ಮಾವ, ಇವತ್ತು ರೇಡ್ ಉಂಟು. ಒಂಬತ್ತೂವರೆ ಅಂದ್ರೆ ಒಂಬತ್ತೂವರೆ." ಮೆಹಂದಿಗೆ ಎಂಟಕ್ಕೆ ಬಾ ಅಂದರೆ ಹತ್ತಕ್ಕೆ ಮುಖ ತೋರಿಸುವ ಜನ ಇವನು.

ರೇಡ್ ಅಂದರೆ ಕಂಪ್ಯೂಟರ್ ಆಟದಲ್ಲಿ ಗುಂಪು ಕಟ್ಟಿ ಮಾಡುವ ದಾಳಿ. ಆಟದ ಹೆಸರು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. ಮೋಲ್ಟನ್ ಕೋರ್ ಎಂಬ ಬೆಂಕಿ ಗುಹೆ, ಅದರ ತಳದಲ್ಲಿ ರಾಗ್ನರೋಸ್ ಎಂಬ ಬಾಸ್, ಅಂದರೆ ದೊಡ್ಡ ರಾಕ್ಷಸ. 40 ಜನ ಒಟ್ಟಿಗೆ ಹೋಗಬೇಕು. ಪೆಟ್ಟು ತಿನ್ನುವವ ಟ್ಯಾಂಕ್, ಗಾಯ ವಾಸಿ ಮಾಡುವವ ಹೀಲರ್, ಉಳಿದವರದ್ದು ಹೊಡೆಯುವ ಕೆಲಸ. ಬೆಂಕಿ ತಡೆಯುವ ಮದ್ದು ಎಷ್ಟು ಬಾಟಲಿ ಉಂಟು ಅಂತ ಒಬ್ಬೊಬ್ಬನನ್ನೂ ಕೇಳಿ ಬರೆದುಕೊಳ್ಳುತ್ತಿದ್ದರು. ಕೊನೇ ಬಾಸ್ ಎದ್ದು ಬರಬೇಕಾದರೆ ಗುಹೆಯೊಳಗೆ ಏಳು ಕಡೆ ನೀರು ಹೊಯ್ಯಬೇಕಂತೆ. ಆ ನೀರು ಕೊಡುವವರ ವಿಶ್ವಾಸ ಗಳಿಸಲು ಹುಡುಗರು ಬೆವರು ಸುರಿಸಿದ್ದಾರೆ.

"ನೀರಿಗೆ ಅಷ್ಟು ಕಷ್ಟ ಎಂತಕ್ಕೆ? ಜೂನ್‌ವರೆಗೆ ಕಾಯಿರಿ, ನಿಮ್ಮ ಗೇಟಿಗೇ ಬರ್ತದೆ" ಅಂದೆ.

"ಮಾವ! ಮೈಕ್ ಆನ್ ಉಂಟು!"

ನಡುವೆ ಯಾರೋ "ಬಾಂಬ್, ಬಾಂಬ್" ಅಂತ ಕೂಗಿದರು. ಗೆಡನ್ ಎಂಬ ಇನ್ನೊಂದು ಬಾಸ್ ಒಬ್ಬನ ಮೈಯನ್ನೇ ಬಾಂಬ್ ಮಾಡುತ್ತಾನೆ. ಅವನು ಗುಂಪಿನಿಂದ ದೂರ ಓಡಬೇಕು. ಹುಡುಗ ಒಂದು ಮಾತಾಡದೆ ಮೂಲೆಗೆ ಓಡಿದ, ಒಬ್ಬನೇ ಸಿಡಿದ. ಬೇರೆ ಯಾರಿಗೂ ಏನೂ ಆಗಲಿಲ್ಲ. ನಮ್ಮಲ್ಲಿ ಬಾಂಬ್ ತಾಗಿದವ ಮೊದಲು ಓಡುವುದು ಪಕ್ಕದ ಇಲಾಖೆಯ ಕಡೆಗೆ.

ನಮ್ಮ ಊರಿಗೂ ಒಂದು ಬಾಸ್ ಉಂಟಲ್ವಾ. ಬರುವುದು ಅರಬ್ಬಿ ಸಮುದ್ರದ ಕಡೆಯಿಂದ, ಜೂನ್ ಮೊದಲ ವಾರ. ವರ್ಷಕ್ಕೆ 3,500 ಮಿಲಿಮೀಟರ್‌ಗಿಂತ ಜಾಸ್ತಿ ಸುರಿಯುವ ಊರು ಇದು. ಎಲ್ಲಿ ಹೊಡೆಯುತ್ತಾನೆ ಅಂತಲೂ ಗೊತ್ತು. ಕೊಟ್ಟಾರ ಚೌಕಿಯ ಅಂಗಡಿಯವರನ್ನು ಕೇಳಿ, ನೀರು ಎಷ್ಟನೇ ಮೆಟ್ಟಿಲಿಗೆ ಬರುತ್ತದೆ ಅಂತ ಹೇಳುತ್ತಾರೆ. ಕೆಲವೊಮ್ಮೆ ಮಾತ್ರ ತಾರೀಕು ತಪ್ಪಿಸುತ್ತಾನೆ. 2018ರಲ್ಲಿ ಮೇ 29ಕ್ಕೇ ಬಂದು ನಗರವನ್ನೇ ಮುಳುಗಿಸಿದ.

ಇದಕ್ಕೂ ಪೂರ್ವತಯಾರಿ ಸಭೆ ನಡೆಯುತ್ತದೆ. ಹೂಗುಚ್ಛ, ತಟ್ಟೆಯಲ್ಲಿ ಗೋಡಂಬಿ, ಚಹಾ. ಗಿಲ್ಡ್‌ಗೆ, ಅಂದರೆ ಹುಡುಗರ ಆಟದ ತಂಡಕ್ಕೆ, ಒಬ್ಬ ಲೀಡರ್, ಇಲ್ಲಿ ವೇದಿಕೆ ಮೇಲೆ ಕೂತವರೆಲ್ಲ ಲೀಡರ್‌ಗಳು. ಟ್ಯಾಂಕ್ ಯಾರು? ಸ್ಕೂಟರಿನಲ್ಲಿ ಹೋಗುವ ನಾವು. ಹೀಲರ್ ಗ್ಯಾರೇಜಿನವ. ಕೊನೆಗೆ ಚರಂಡಿ ಹೂಳನ್ನು 'ಸಮರೋಪಾದಿಯಲ್ಲಿ' ಎತ್ತಲು ಸೂಚನೆ. ನಿಜವಾಗಿ ಸಮರಕ್ಕೆ ಹೊರಟ 40 ಹುಡುಗರ ಬಾಯಲ್ಲಿ ಆ ಶಬ್ದ ಒಮ್ಮೆಯೂ ಬರಲಿಲ್ಲ, ಗಮನಿಸಿದೆ.

ಹೂಳು ಎತ್ತುತ್ತಾರೆ, ಸುಳ್ಳು ಹೇಳಬಾರದು. ಎತ್ತಿ ಅದೇ ಚರಂಡಿಯ ದಂಡೆ ಮೇಲೆ ರಾಶಿ ಹಾಕುತ್ತಾರೆ. ಮೊದಲ ಮಳೆಗೆ ಅದು ಮೆಲ್ಲ ಜಾರಿ ಸ್ವಸ್ಥಾನ ಸೇರುತ್ತದೆ. ಸತ್ತ ರಾಕ್ಷಸ ಅದೇ ಜಾಗದಲ್ಲಿ ಎದ್ದು ನಿಲ್ಲುವುದಕ್ಕೆ ಹುಡುಗರು ರೀಸ್ಪಾನ್ ಅನ್ನುತ್ತಾರೆ.

ಅಳಿಯ ಇನ್ನೊಂದು ಹೇಳಿದ. ಆಟ ಬಂದದ್ದು 2004ರ ನವೆಂಬರ್‌ನಲ್ಲಿ. ರಾಗ್ನರೋಸ್ ಮೊದಲ ಬಾರಿ ಬಿದ್ದದ್ದು 2005ರ ಏಪ್ರಿಲ್‌ನಲ್ಲಿ. ಅದೇ ಹಳೇ ಆಟವನ್ನು 2019ರ ಆಗಸ್ಟ್‌ನಲ್ಲಿ ಮತ್ತೆ ಬಿಟ್ಟರು. ಬಾಸ್ ಅದೇ, ಗುಹೆ ಅದೇ. ಒಂದು ವಾರದೊಳಗೆ ಕೆಡವಿದರು. "ಅವನ ಎಲ್ಲ ಪಟ್ಟು ಗೊತ್ತಿತ್ತಲ್ಲ ಮಾವ. ಪ್ರತಿ ಸಲ ಸತ್ತಾಗ ಯಾಕೆ ಸತ್ತೆವು ಅಂತ ಕೂತು ನೋಡ್ತಾರೆ." ನಮ್ಮಲ್ಲಿ ಅದಕ್ಕೆ ಉತ್ತರ ರೆಡಿ ಉಂಟು: ನಿರೀಕ್ಷೆಗೆ ಮೀರಿದ ಮಳೆ.

ಹನ್ನೊಂದೂವರೆಗೆ ಗುಡುಗು ಶುರುವಾಯಿತು. ಕರೆಂಟ್ ಹೋಯಿತು. ಅಳಿಯನ ಸ್ಕ್ರೀನ್ ಮಿಣುಕಲೂ ಇಲ್ಲ. ಮಧ್ಯಾಹ್ನವೇ ಇನ್ವರ್ಟರ್‌ಗೆ ನೀರು ಹಾಕಿ ಇಟ್ಟಿದ್ದನಂತೆ. ಹನ್ನೆರಡಕ್ಕೆ ರಾಗ್ನರೋಸ್ ಬಿದ್ದ. ಹೆಡ್‌ಫೋನಿನಿಂದ ಬಂದ ಬೊಬ್ಬೆಗೆ ಅಕ್ಕ ಎದ್ದು ಬಂದಳು.

ನಾನು ಕೆಳಗಿಳಿದೆ. ಮೊಣಕಾಲು ಮಟ್ಟ ನೀರು. ನನ್ನ ಸ್ಕೂಟರಿನ ಸೈಲೆನ್ಸರ್ ಕಾಣುತ್ತಿರಲಿಲ್ಲ. ಕೀ ಹಾಕಬೇಕು ಅನ್ನುವಷ್ಟರಲ್ಲಿ ಬಾಲ್ಕನಿಯಿಂದ ಕೂಗು.

"ಮಾವ, ಸ್ಟಾರ್ಟ್ ಮಾಡ್ಬೇಡಿ! ನಾನು ಬರ್ತೇನೆ. ನೀವು ಹ್ಯಾಂಡಲ್ ಹಿಡೀರಿ, ನಾನು ಮೂರು ಎಣಿಸಿದ ಮೇಲೆ ನೂಕುವ."