ಕಿತ್ತಳೆ ಹಣ್ಣಿನ ಸುಂಕ

ಊರಿಂದ ನೆಂಟರು ಬಂದರೆ ಬಾಸ್ಟನ್ನಿನ ಫ್ಯಾನ್ಯುಯಲ್ ಹಾಲ್ ತೋರಿಸುತ್ತೇನೆ. ಅವರ ಕಣ್ಣೆಲ್ಲ ಪಕ್ಕದ ಮಾರ್ಕೆಟ್ಟಿನ ತಿಂಡಿ ಮೇಲೆ, ಇರಲಿ. ಸ್ಪೇನಿನ ಮೇಲೆ ಅಮೆರಿಕ ಹೂಡಿದ ಯುದ್ಧ ಪರರ ನೆಲ ನುಂಗುವ ಯುದ್ಧವಾಗಬಾರದು ಎಂದು 1898ರ ಜೂನ್‌ನಲ್ಲಿ ಜನ ಇಲ್ಲಿ ಸಭೆ ಸೇರಿದ್ದರು. ಆಮೇಲೆ ಹುಟ್ಟಿದ ಸಾಮ್ರಾಜ್ಯಶಾಹಿ ವಿರೋಧಿ ಕೂಟಕ್ಕೆ ಮಾರ್ಕ್ ಟ್ವೇನ್, ಉಕ್ಕಿನ ದೊರೆ ಕಾರ್ನೆಗಿ ಇಬ್ಬರೂ ಬಂದರು. ಸೋತ ಸ್ಪೇನಿಗೆ 2 ಕೋಟಿ ಡಾಲರ್ ಕೊಟ್ಟು ಫಿಲಿಪ್ಪೀನ್ಸ್ ಪಡೆಯುವ ಒಪ್ಪಂದ 1899ರಲ್ಲಿ ಸೆನೆಟ್‌ನಲ್ಲಿ ಗೆದ್ದದ್ದು 57–27ರಿಂದ; ಬೇಕಾದ ಮೂರನೇ ಎರಡು ಪಾಲಿಗಿಂತ ಒಂದೇ ಮತ ಹೆಚ್ಚು.

ಗೆದ್ದವರ ಮನೆಯಲ್ಲೇ ಇಷ್ಟು ಜಗಳವಾಯಿತಲ್ಲ ಎಂದು ಮೊದಮೊದಲು ನನಗೆ ಮೆಚ್ಚುಗೆ. ಓದುತ್ತ ಹೋದಂತೆ ಅದು ಕರಗಿತು. ಸೌತ್ ಕ್ಯಾರೊಲಿನಾದ ಸೆನೆಟರ್ ಟಿಲ್‌ಮನ್ ಬೇಡವೆಂದದ್ದು ಫಿಲಿಪಿನೊಗಳ ಮೇಲಿನ ಮರುಕದಿಂದಲ್ಲ, ಬಿಳಿಯರಲ್ಲದವರು ಒಳಗೆ ಸೇರಿಯಾರೆಂಬ ದಿಗಿಲಿನಿಂದ.

ನೆಲ ಬೇಕು, ಜನ ಬೇಡ ಎಂಬ ಇಕ್ಕಟ್ಟಿಗೆ ಕೊನೆಗೆ ದಾರಿ ತೋರಿಸಿದ್ದು ಕಿತ್ತಳೆ ಹಣ್ಣು. ಅದೇ ಯುದ್ಧದಲ್ಲಿ ಸ್ಪೇನಿನಿಂದ ಸಿಕ್ಕ ದ್ವೀಪ ಪೋರ್ಟೊ ರಿಕೊ. ಅಲ್ಲಿಂದ ನ್ಯೂಯಾರ್ಕಿಗೆ ಬಂದ ಕಿತ್ತಳೆಗೆ, ಹೊರದೇಶದ ಸರಕಿನಂತೆ, ಸುಂಕ ಹಾಕಬಹುದೇ ಎಂಬ ಮೊಕದ್ದಮೆಯಲ್ಲಿ, 1901ರಲ್ಲಿ, ಹಾಕಬಹುದು ಎಂದಿತು ಸುಪ್ರೀಂ ಕೋರ್ಟ್. 5 ನ್ಯಾಯಮೂರ್ತಿಗಳು ಆ ಕಡೆ, 4 ಮಂದಿ ಈ ಕಡೆ. ಆ ದ್ವೀಪ ಅಮೆರಿಕಕ್ಕೆ ಸೇರಿದ್ದು ಹೌದು, ಅಮೆರಿಕದ ಭಾಗ ಅಲ್ಲ!

ಈ ಜಾಣತನ ನನಗೆ ಹೊಸದೆನಿಸಲಿಲ್ಲ. ನಮ್ಮ ತಾತ ಬೆಂಗಳೂರು ಪೇಟೆಯವರು. ಪಕ್ಕದಲ್ಲೇ ಬ್ರಿಟಿಷರ ದಂಡು, ಅಂದರೆ ಕಂಟೋನ್ಮೆಂಟ್. ‘ದಂಡಿಗೆ ಹೋಗಿ ಬಂದೆ’ ಎನ್ನುವಾಗ ಪರಊರಿಗೆ ಹೋಗಿ ಬಂದವರ ದನಿ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಅರಸರಿಗೆ ಮರಳಿಸಿದರೂ ದಂಡಿನ ಆಡಳಿತ ಬಿಟ್ಟುಕೊಡಲಿಲ್ಲ. ನೆಲ ಮಹಾರಾಜರದು, ಕಾನೂನು ಬ್ರಿಟಿಷ್ ಪ್ರತಿನಿಧಿ ರೆಸಿಡೆಂಟರದು; 1947ರವರೆಗೂ ಹಾಗೇ ನಡೆಯಿತು. ಒಂದು ವ್ಯತ್ಯಾಸ ಮಾತ್ರ ಹೇಳಬೇಕು. ಬ್ರಿಟಿಷರು ಸಾಮ್ರಾಜ್ಯವನ್ನು ಸಾಮ್ರಾಜ್ಯವೆಂದೇ ಕರೆದು ಮೀಸೆ ತಿರುವಿದರು. ಇಲ್ಲಿನವರಿಗೆ ಆ ಪದ ಬಾಯಿಗೇ ಬರುವುದಿಲ್ಲ, ‘ಟೆರಿಟರಿ’ ಎಂದು ದಾಟಿಬಿಡುತ್ತಾರೆ. ನನಗೆ ಮೊದಲನೆಯವರೇ ವಾಸಿ ಎನಿಸುವುದುಂಟು, ಎದುರಾಳಿ ಯಾರೆಂದಾದರೂ ಗೊತ್ತಾಗುತ್ತಿತ್ತು.

ನಮ್ಮ ಪಕ್ಕದ ಮನೆಯವನು ಪೋರ್ಟೊ ರಿಕೊದವನು, ಹುಟ್ಟಿದಾಗಿನಿಂದ ಅಮೆರಿಕದ ಪ್ರಜೆ. ಅಲ್ಲಿನವರಿಗೆ 1917ರಲ್ಲೇ ಪೌರತ್ವ ಬಂದಿದೆ. ನಾನು ಪರೀಕ್ಷೆ ಬರೆದು, ಪ್ರಮಾಣ ಮಾಡಿ ಪ್ರಜೆಯಾದವನು. ಇಬ್ಬರಿಗೂ ನಿವೃತ್ತಿಯಾದ ಮೇಲೆ ಊರು ಸೇರುವ ಆಸೆ. ನಾನು ಬಸವನಗುಡಿಯಲ್ಲಿ ಕೂತು ಅಮೆರಿಕದ ಅಧ್ಯಕ್ಷರಿಗೆ ಅಂಚೆಯಲ್ಲಿ ಮತ ಕಳಿಸಬಹುದು. ಅವನು ತನ್ನ ದ್ವೀಪದ ಸಾನ್ ಹ್ವಾನ್‌ನಲ್ಲಿ ನೆಲೆಸಿದರೆ ಆ ಮತ ಇಲ್ಲ.