ನಿಮ್ಮ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಕಸವೇ ಬೆಳೆಯಬೇಕೆ?

ಬೆಳಗಾವಿಯ ಯಾವ ಹೊಸ ಬಡಾವಣೆಗೆ ಬೇಕಾದರೂ ಹೋಗಿ ನೋಡಿ, ನಾಲ್ಕು ಮನೆ ದಾಟಿದರೆ ಒಂದು ಖಾಲಿ ಸೈಟು. ಮಾಲೀಕರು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಇಲ್ಲಿ ಎದೆಮಟ್ಟ ಕಾಂಗ್ರೆಸ್ ಕಸ, ಯಾರದೋ ಮನೆ ಕೆಡವಿದ ಇಟ್ಟಿಗೆ, ಹಂದಿ, ಸೊಳ್ಳೆ. ಇದೇ ಊರಿನ ಅಂಚಿನಲ್ಲಿ 1923ರಿಂದ ಹಿಂಡಲಗಾ ಜೈಲಿದೆ. ಅಲ್ಲಿಂದ ಹೊರಬಂದವನಿಗೆ ಕಾಲೂರಲು ಗೇಣು ಜಾಗವಿಲ್ಲ. ಖಾಲಿ ಸೈಟನ್ನು ಅಂಥವರಿಗೆ ಸೊಪ್ಪು ಬೆಳೆಯಲು ಕೊಟ್ಟು ಈ ಎರಡನ್ನೂ ಕೂಡಿಸಬೇಕು ಎಂಬುದು ನನ್ನ ವಾದ. ಇಷ್ಟು ದಿನ ಓಣಿಯಲ್ಲಿ ಹೇಳಿ ಬೈಸಿಕೊಂಡಿದ್ದೇನೆ, ಈಗ ಇಲ್ಲಿ ಬರೆದು ಬೈಸಿಕೊಳ್ಳುತ್ತೇನೆ.

ಮಣ್ಣು ಮುಟ್ಟಿದರೆ ಮನಸ್ಸು ಶುದ್ಧವಾಗುತ್ತದೆ ಎಂಬ ಪ್ರವಚನದಲ್ಲಿ ನನಗೆ ನಂಬಿಕೆಯಿಲ್ಲ. ನಮ್ಮ ಸೀಮೆಯಲ್ಲಿ ಬಡಿದಾಡಿ ಒಳಗೆ ಹೋದ ಎಷ್ಟೋ ಜನ ಮಣ್ಣಿನ ಸಲುವಾಗಿಯೇ ಹೋದವರು. ಬದುವಿನ ಜಗಳ, ಹೊಲಕ್ಕೆ ಹೋಗುವ ದಾರಿಯ ಜಗಳ, ಕಾಲುವೆ ನೀರಿನ ಸರದಿ, ಅಣ್ಣತಮ್ಮಂದಿರ ಪಾಲು. ಅಂಥವರಿಗೆ ಬೇಸಾಯ ಕಲಿಸಲು ಹೊರಡುವುದು ನಗೆಪಾಟಲು. ಅವರಿಗೆ ಬೇಕಾದದ್ದು ನೆಲ. ಊರಿಗೆ ಮರಳಿದರೆ ಎದುರು ಪಕ್ಷದವರು ಹಗೆ ಮರೆತಿರುವುದಿಲ್ಲ, ಹೊಲ ವಕೀಲರ ಫೀಸಿಗೆ ಮಾರಿಹೋಗಿರುತ್ತದೆ. ಪೇಟೆಯಲ್ಲಿ ಉಳಿದರೆ ವಾಚ್‌ಮನ್ ಕೆಲಸಕ್ಕೂ ಪೊಲೀಸ್ ವೆರಿಫಿಕೇಷನ್ ಬೇಕು. ಶಿಕ್ಷೆಗೊಳಗಾದವರಿಗೆ ಕರ್ನಾಟಕದ ಜೈಲುಗಳಲ್ಲಿ ಈಗ ದಿನಗೂಲಿ ಐನೂರು ರೂಪಾಯಿಗೂ ಮೇಲಿದೆ. ಬಿಡುಗಡೆಯಾದ ದಿನವೇ ಆ ಕೂಲಿಯೂ ನಿಲ್ಲುತ್ತದೆ.

ಸೊಪ್ಪಿನ ವ್ಯಾಪಾರಕ್ಕೆ ಯಾರ ಸರ್ಟಿಫಿಕೇಟೂ ಬೇಡ. ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತದೆ, ಮೂಲಂಗಿ ಸುಮಾರು ನಲವತ್ತು ದಿನಕ್ಕೆ, ರಾಜಗಿರಿ ಕೊಯ್ದಷ್ಟೂ ಚಿಗುರುತ್ತದೆ. ದಿನದ ರೊಕ್ಕ ದಿನಕ್ಕೆ. ಜೈಲಿನಿಂದ ಬಂದವರಿಗೆ ಆರು ತಿಂಗಳ ತರಬೇತಿ ಕೊಟ್ಟು ಕೊನೆಗೆ ಪ್ರಮಾಣಪತ್ರ ಹಂಚುವ ಯೋಜನೆಗಳಿಗಿಂತ ಇದು ಮೇಲು. ಆರು ತಿಂಗಳು ಅವರು ಏನು ತಿನ್ನಬೇಕು?

ನಮ್ಮ ಓಣಿಯ ಕೊನೆಯ ಸೈಟಿನಲ್ಲಿ ಶಿಕ್ಷೆ ಮುಗಿಸಿ ಬಂದ ಒಬ್ಬರು ಸೊಪ್ಪು ಬೆಳೆಯುತ್ತಾರೆ. ಐವತ್ತು ದಾಟಿದ ವಯಸ್ಸು, ಘಟಪ್ರಭಾ ದಂಡೆಯ ಕಡೆಯವರು. ಯಾವ ಕೇಸು ಎಂದು ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಬಂದವರು ತಿಂಗಳೊಪ್ಪತ್ತು ಏನನ್ನೂ ಬಿತ್ತಲಿಲ್ಲ, ಬರೀ ಜರಡಿ ಹಿಡಿದರು. ಟೈಲ್ಸ್ ಚೂರು, ಸಿಮೆಂಟಿನ ಗಟ್ಟಿ, ಗುಟ್ಕಾ ಚೀಟಿ, ಒಂದು ಟ್ರೇಲರ್ ತುಂಬಿತು. ಆಮೇಲೆ ತಿಪ್ಪೆಗೊಬ್ಬರ ತರಿಸಿ ಮಡಿ ಕಟ್ಟಿದರು. ಒಂದು ಸಂಜೆ ನೋಡಿದರೆ ಗೋಣಿಚೀಲದ ಮೇಲೆ ಹವೀಜ, ಅಂದರೆ ಕೊತ್ತಂಬರಿ ಬೀಜ, ಹರವಿ, ಗೋಡೆ ಹಿಡಿದು ನಿಂತು, ಚಪ್ಪಲಿ ಕಾಲಿನಿಂದ ಹಗುರವಾಗಿ ಉಜ್ಜುತ್ತಿದ್ದರು. ಭಾರ ಹೆಚ್ಚಾದರೆ ಕಾಳು ನುಚ್ಚಾಗುತ್ತದೆ, ಕಡಿಮೆಯಾದರೆ ಒಡೆಯುವುದೇ ಇಲ್ಲ. ಸರಿಯಾಗಿ ಎರಡು ಹೋಳಾಗಬೇಕು, ಆಗ ಒಂದು ಕಾಳಿಗೆ ಎರಡು ಸಸಿ. “ಇಡೀ ಕಾಳು ಹಾಕಿದರೆ ಹುಟ್ಟುವುದು ತಡ, ಅಕ್ಕೋರೇ” ಎಂದರು, ಕಾಲು ನಿಲ್ಲಿಸದೆ. (ಶಾಲೆ ಬಿಟ್ಟು ವರ್ಷಗಳಾದರೂ ಓಣಿಗೆಲ್ಲ ನಾನು ಅಕ್ಕೋರೇ.)

ಮೊದಮೊದಲು ಯಾರೂ ಕೊಳ್ಳಲಿಲ್ಲ. ಅಂಥವರ ಕೈಯಿಂದ ಸೊಪ್ಪು ತಂದು ದೇವರಿಗೆ ನೈವೇದ್ಯ ಮಾಡುವುದೇ ಎಂದು ಒಬ್ಬರು ನನ್ನ ಎದುರೇ ಕೇಳಿದರು. ಸಂತೆಯಲ್ಲಿ ಕೊಳ್ಳುವ ಸೊಪ್ಪು ಯಾರ ಕೈಯದು, ಯಾವ ನೀರಿನದು ಎಂದು ಎಂದಾದರೂ ಕೇಳಿದ್ದೇವೆಯೇ? ಬಳ್ಳಾರಿ ನಾಲೆ ಊರಿನ ಕೊಳಚೆಯನ್ನೆಲ್ಲ ಹೊತ್ತು ಶಹಾಪುರ, ವಡಗಾವಿ ಕಡೆಯ ಗದ್ದೆಗಳ ನಡುವೆ ಹಾಯುತ್ತದೆ, ಮಳೆಗಾಲದಲ್ಲಿ ಉಕ್ಕಿ ಭತ್ತವನ್ನು ಮುಳುಗಿಸುತ್ತದೆ. ಗಟಾರದ ನೀರುಂಡ ಸೊಪ್ಪು ಸಂತೆಗೆ ಬಂದರೆ ಅದರ ಮೇಲೇನೂ ಬರೆದಿರುವುದಿಲ್ಲ. ಇಲ್ಲಿ ಪಕ್ಕದ ಮನೆಯ ಬಾವಿಯ ನೀರು ಬೀಳುವುದನ್ನು ಗೇಟಿನಲ್ಲಿ ನಿಂತೇ ನೋಡಬಹುದು. ಬೆಲೆಯೂ ಕಡಿಮೆ, ಕೊನೆಗೆ ಗೆದ್ದದ್ದು ಅದೇ ಇರಬೇಕು. ಈಗ ಮಕ್ಕಳು “ಕಾಕಾ, ಅವ್ವ ಸಬ್ಬಸಿಗೆ ತರಲು ಹೇಳಿದ್ದಾಳೆ” ಎಂದು ಗೇಟು ಬಡಿಯುತ್ತಾರೆ.

ಸೊಪ್ಪು ತಿಂದರೆ ಎಲ್ಲ ರೋಗ ಮಾಯ ಎಂದು ನಾನು ಹೇಳುವುದಿಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಬ್ಬಿಣದ ಮಾತ್ರೆ ಬೇಕು, ಜಂತುಹುಳದ ಔಷಧ ಬೇಕು. ಆದರೆ ದಿನಕ್ಕೆ ಕನಿಷ್ಠ 400 ಗ್ರಾಂ ತರಕಾರಿ, ಹಣ್ಣು ತಿನ್ನಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ಲ, ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಮಾರುಕಟ್ಟೆಯ ತನಕ ಹೋಗಿಬರಲು ಪುರಸೊತ್ತಿಲ್ಲ. ಓಣಿಯಲ್ಲೇ ಸಿಕ್ಕರೆ ರೊಟ್ಟಿಯ ಜೊತೆ ಚಟ್ನಿಪುಡಿಯ ಬದಲು ಪುಂಡಿಪಲ್ಲೆ ಬೀಳುತ್ತದೆ.

ಇದೆಲ್ಲ ಆಗುಹೋಗದ ಮಾತು ಎನ್ನುವವರಿಗೆ ನೆರೆಯ ಸಾಂಗಲಿ ಜಿಲ್ಲೆಯ ಆಟಪಾಡಿ ಕಡೆ ಕೈ ತೋರಿಸುತ್ತೇನೆ. 1939ರಲ್ಲಿ, ಅದು ಔಂಧ್ ಸಂಸ್ಥಾನವಾಗಿದ್ದಾಗ, ಪೋಲೆಂಡ್ ಮೂಲದ ಎಂಜಿನಿಯರ್ ಮೌರಿಸ್ ಫ್ರೈಡ್‌ಮನ್ ರಾಜರ ಒಪ್ಪಿಗೆ ಪಡೆದು ಅಲ್ಲಿ ಸ್ವತಂತ್ರಪುರ ಎಂಬ ಗೋಡೆಯಿಲ್ಲದ ಜೈಲು ಕಟ್ಟಿಸಿದರು. ಕೈದಿಗಳ ಕೆಲಸ ಬೇಸಾಯ. ನಮ್ಮಲ್ಲೂ ದೇವನಹಳ್ಳಿ ಹತ್ತಿರದ ಕೋರಮಂಗಲದಲ್ಲಿ ಬಯಲು ಬಂದೀಖಾನೆ ಇದೆ. ಆದರೆ ಇವು ಶಿಕ್ಷೆಯ ಅವಧಿಯ ಮಾತು. ಅಮೆರಿಕದ ಓಕ್‌ಲ್ಯಾಂಡ್‌ನಲ್ಲಿ 2009ರಿಂದ ನಡೆಯುತ್ತಿರುವ ಪ್ಲಾಂಟಿಂಗ್ ಜಸ್ಟೀಸ್ ಎಂಬ ಸಂಸ್ಥೆ ಜೈಲಿನಿಂದ ಬಂದವರಿಗೆ ತನ್ನ ತೋಟ, ನರ್ಸರಿಗಳಲ್ಲಿ ಸಂಬಳದ ಕೆಲಸ ಕೊಡುತ್ತದೆ. ನನಗೆ ಹಿಡಿಸಿದ್ದು ಈ ಸಂಬಳ ಎಂಬ ಅಂಶ. ಇನ್ನೊಂದು ಸಂಗತಿ: ನಮ್ಮ ದೇಶದ ಜೈಲುಗಳಲ್ಲಿರುವ ಮುಕ್ಕಾಲು ಪಾಲು ಜನ ವಿಚಾರಣಾಧೀನರು. ಶಿಕ್ಷೆಯೇ ಆಗದವರಿಗೆ ಒಳಗೆ ಕಡ್ಡಾಯ ಕೆಲಸವೂ ಇಲ್ಲ, ಕೂಡಿಟ್ಟ ಕೂಲಿಯೂ ಇಲ್ಲ. ವರ್ಷಗಟ್ಟಲೆ ಕೂತು, ಖುಲಾಸೆಯಾಗಿ, ಬರಿಗೈಯಲ್ಲಿ ಬರುತ್ತಾರೆ. ಅವರನ್ನು ಲೆಕ್ಕಕ್ಕೆ ಹಿಡಿಯದ ಪುನರ್ವಸತಿ ಎಂಥದ್ದು?

ತೊಡಕುಗಳಿವೆ. ಓಣಿಯಲ್ಲಿ ಒಂದು ಬೈಕ್ ಕಾಣೆಯಾದಾಗ ಮೊದಲು ಕರೆದು ಕೂರಿಸಿದ್ದು ನಮ್ಮ ಕಾಕಾ ಅವರನ್ನೇ. ಬೈಕ್ ಸಿಕ್ಕಿದ್ದು ಮಾಲೀಕನ ಅಳಿಯನ ಮನೆಯಲ್ಲಿ. ಅಷ್ಟರಲ್ಲಿ ಎರಡು ಮಡಿ ರಾಜಗಿರಿ ಬಾಡಿಹೋಯಿತು, ಅದರ ನಷ್ಟ ಯಾರೂ ತುಂಬಲಿಲ್ಲ. ಇನ್ನೊಮ್ಮೆ ಒಂದು ಸಂಘದವರು ಬಂದು, ಬ್ಯಾನರ್ ಕಟ್ಟಿ ಫೋಟೋ ತೆಗೆಸೋಣ, ಮಾಜಿ ಕೈದಿಯ ತೋಟ ಎಂದು ಬೋರ್ಡ್ ಹಾಕೋಣ ಎಂದರು. ಕಾಕಾ ಕೈಮುಗಿದು ಕಳಿಸಿಕೊಟ್ಟರು. ಸರಿಯಾಗಿಯೇ ಮಾಡಿದರು. ಸೊಪ್ಪು ಕೊಳ್ಳಲು ಬಂದವರಿಗೆ ಅವರ ಕೇಸಿನ ಸಂಖ್ಯೆ ಯಾಕೆ?

ಸೈಟಿನವರಿಗೆ ಇರುವ ಭಯ ಒಂದೇ, ಕೊಟ್ಟ ಜಾಗ ಬಿಡುವುದಿಲ್ಲ ಎಂಬುದು. ಅದಕ್ಕೆ ಹನ್ನೊಂದು ತಿಂಗಳ ಕರಾರುಪತ್ರ ಸಾಕು. ಗಿಡಮರ ಹಚ್ಚುವಂತಿಲ್ಲ, ಶೆಡ್ ಹಾಕುವಂತಿಲ್ಲ, ಮನೆ ಕಟ್ಟುವುದಾದರೆ ಎರಡು ತಿಂಗಳು ಮೊದಲು ಹೇಳಬೇಕು. ಸೊಪ್ಪು ಅಷ್ಟರಲ್ಲಿ ಮುಗಿಯುವ ಬೆಳೆ. ಹಿಂದೆ ಗ್ಯಾರೇಜೋ ಬ್ಯಾಟರಿ ಅಂಗಡಿಯೋ ಇದ್ದ ಜಾಗ ಮಾತ್ರ ಬೇಡ, ಅಲ್ಲಿ ಮಣ್ಣಿಗೆ ಸೀಸ ಇಳಿದಿರಬಹುದು. ಕಾಕಾ ಅವರಿಗೆ ಪರಿಚಯದ ಇನ್ನೂ ಇಬ್ಬರು ಜಾಗಕ್ಕೆ ಕಾಯುತ್ತಿದ್ದಾರೆ. ರಾಮತೀರ್ಥ ನಗರ, ಕುವೆಂಪು ನಗರ, ಹನುಮಾನ್ ನಗರದ ಕಡೆ ನೀರಿನ ಅನುಕೂಲ ಇರುವ ಸೈಟಿದ್ದರೆ ಮೆಸೇಜ್ ಮಾಡಿ. ದಸರೆಗೆ ಮೊದಲು ತಿಳಿಸಿದರೆ ಒಳ್ಳೆಯದು, ಹಿಂಗಾರಿಗೆ ನೆಲ ಹದ ಮಾಡಿಕೊಳ್ಳಬೇಕು.